ನಡುವಿನಿಂದಲೋ, ಅಂಚಿನಿಂದಲೋ?

ಕೌದಿಯ ಮೊದಲ ಹೊಲಿಗೆ ಎಲ್ಲಿ ಬೀಳಬೇಕು?

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಗಳನ್ನು ಕೇಳಿದರೆ ಉತ್ತರ ಸ್ಪಷ್ಟ: ಮೂಲೆಯಿಂದ. ಅಲ್ಲಿಂದ ಅಂಚು ಹಿಡಿದು ಸುತ್ತು ಬರುತ್ತ, ಸುತ್ತಿಗೊಂದಿಷ್ಟು ಒಳಗೆ ಸರಿಯುತ್ತ, ಕೊನೆಗೆ ನಡುವಿಗೆ ಬಂದು ಮುಗಿಸಬೇಕು. ಇದೇ ಪ್ರಶ್ನೆಯನ್ನು ಅಮೆರಿಕದಲ್ಲಿ ಮನೆಯ ಹೊಲಿಗೆ ಯಂತ್ರದ ಮುಂದೆ ಕ್ವಿಲ್ಟ್ ಹರವಿಕೊಂಡು ಕುಳಿತ ಗೃಹಿಣಿಯನ್ನು ಕೇಳಿ. ಆಕೆಯ ಉತ್ತರವೂ ಅಷ್ಟೇ ಸ್ಪಷ್ಟ, ಆದರೆ ಪೂರ್ತಿ ತಿರುವುಮುರುವು: ನಟ್ಟನಡುವೆ ಆರಂಭಿಸಿ ಅಂಚಿನ ಕಡೆಗೆ ಹೋಗಬೇಕು, ಅಂಚಿನಿಂದ ಹೊರಟಿರೋ, ಕೆಟ್ಟಿರಿ.

ಇಬ್ಬರೂ ಬಲ್ಲವರೇ. ಇಬ್ಬರ ಕೈಯಲ್ಲೂ ಇರುವುದು ಹೆಚ್ಚುಕಡಿಮೆ ಒಂದೇ ವಸ್ತು: ಪದರದ ಮೇಲೆ ಪದರ ಇಟ್ಟು ಹೊಲಿದ ಹೊದಿಕೆ. ಹಾಗಿದ್ದೂ ಉತ್ತರ ಯಾಕೆ ಎದುರುಬದುರಾಯಿತು? ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿದರೆ ಹೊಲಿಗೆ ಯಂತ್ರದ ಚರಿತ್ರೆ, ಸೇಫ್ಟಿ ಪಿನ್ನಿನ ಚರಿತ್ರೆ, ಜೊತೆಗೆ ‘ಇದು ನಿಜವಾಗಿ ಯಾರ ಕೈಕೆಲಸ’ ಎಂಬ ದೊಡ್ಡದೊಂದು ಜಗಳ, ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಂಡು ಬರುತ್ತವೆ.

ಮೊದಲು ವಸ್ತುವಿನ ಪರಿಚಯ. ಕ್ವಿಲ್ಟ್ ಎಂದರೆ ಮೂರು ಪದರಗಳ ಹೊದಿಕೆ. ಮೇಲೆ ಚೂರುಬಟ್ಟೆಗಳನ್ನು ಜೋಡಿಸಿ ಚಿತ್ತಾರ ಮೂಡಿಸಿದ ಮೇಲ್ಪದರ, ನಡುವೆ ಹತ್ತಿ ಅಥವಾ ಉಣ್ಣೆಯ ತೆಳು ಹಾಸು, ಕೆಳಗೆ ಅಡಿಬಟ್ಟೆ. ಈ ಮೂರನ್ನೂ ತೂರಿಕೊಂಡು ಹೋಗುವ ಹೊಲಿಗೆಯೇ ಕ್ವಿಲ್ಟಿಂಗ್. ಹೊಲಿಗೆ ಇಲ್ಲದಿದ್ದರೆ ಒಳಗಿನ ಹತ್ತಿ ನಾಲ್ಕು ಒಗೆತಕ್ಕೆ ಒಂದು ಮೂಲೆಗೆ ಹೋಗಿ ಉಂಡೆಗಟ್ಟುತ್ತದೆ. ಯೂರೋಪಿನಲ್ಲಿ ಈ ವಿದ್ಯೆ ಹಳೆಯದು. 14ನೆಯ ಶತಮಾನದಲ್ಲಿ ಸಿಸಿಲಿಯಲ್ಲಿ ಹೊಲಿದ, ಟ್ರಿಸ್ಟನ್ ಎಂಬ ವೀರನ ಕಥೆ ಇರುವ ಕ್ವಿಲ್ಟಿನ ಭಾಗಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲೂ ಫ್ಲಾರೆನ್ಸ್‌ನಲ್ಲೂ ಇವೆ. ಯೂರೋಪಿನಿಂದ ಹೊರಟ ವಲಸೆಗಾರರ ಜೊತೆ ಈ ವಿದ್ಯೆ ಅಮೆರಿಕಕ್ಕೂ ಹೋಯಿತು.

ಮೂರು ಪದರ ಎಂದಕೂಡಲೇ ತೊಂದರೆಯೂ ಬಂತೆನ್ನಿ. ಒಂದರ ಮೇಲೊಂದು ಇಟ್ಟ ಬಟ್ಟೆ ಜಾರುತ್ತದೆ. ಮೇಲಿನದು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಆದ್ದರಿಂದ ನಿಜವಾದ ಹೊಲಿಗೆಗೆ ಮೊದಲು ಮೂರನ್ನೂ ತಾತ್ಕಾಲಿಕವಾಗಿ ಹಿಡಿದು ನಿಲ್ಲಿಸಬೇಕು. ನಮ್ಮ ದರ್ಜಿಗಳು ಕೋಟು ಹೊಲಿಯುವ ಮುಂಚೆ ಬಿಳಿ ದಾರದಲ್ಲಿ ಉದ್ದುದ್ದ ಹಾಕಿ ಆಮೇಲೆ ಕಿತ್ತುಬಿಡುವ ಕಚ್ಚಾ ಹೊಲಿಗೆಯನ್ನು ನೀವು ನೋಡಿರಬಹುದು. ಕ್ವಿಲ್ಟಿನಲ್ಲೂ ಅದೇ. ಕೊನೆಗೆ ಉಳಿಯದ ಈ ಹೊಲಿಗೆ, ಕೊನೆಗೆ ಉಳಿಯುವ ಹೊಲಿಗೆ ಎಲ್ಲಿ ಆರಂಭವಾಗಬೇಕು ಎಂಬುದನ್ನು ತೀರ್ಮಾನಿಸುತ್ತದೆ.

ಚೌಕಟ್ಟು ಇದ್ದ ಕಾಲ

ಯಂತ್ರ ಬರುವುದಕ್ಕೆ ಮೊದಲು ಅಮೆರಿಕದ ಹಳ್ಳಿಗಾಡಿನ ಹೆಂಗಸರು ಕ್ವಿಲ್ಟನ್ನು ಮರದ ಚೌಕಟ್ಟಿಗೆ ಬಿಗಿದು ಹೊಲಿಯುತ್ತಿದ್ದರು. ನಾಲ್ಕು ಉದ್ದನೆಯ ಪಟ್ಟಿ, ನಾಲ್ಕು ಮೂಲೆಗೆ ಬಿಗಿ. ಸಣ್ಣ ಮನೆಗಳಲ್ಲಿ ಇಷ್ಟು ದೊಡ್ಡ ಚೌಕಟ್ಟಿಗೆ ಜಾಗ ಎಲ್ಲಿಯದು? ಹಗ್ಗ ಕಟ್ಟಿ ಸೂರಿಗೆ ಎತ್ತಿಬಿಡುತ್ತಿದ್ದರು, ಹೊಲಿಯುವಾಗ ಕೆಳಗಿಳಿಸುತ್ತಿದ್ದರು. ನಮ್ಮಲ್ಲಿ ತೊಟ್ಟಿಲು ಎತ್ತಿ ಕಟ್ಟುವ ಹಾಗೆ.

ಚಳಿಗಾಲವಿಡೀ ಒಬ್ಬಳೇ ಕೂತು ಚೂರು ಜೋಡಿಸಿ ಮೇಲ್ಪದರ ಸಿದ್ಧಮಾಡಿಕೊಂಡವಳು, ಕ್ವಿಲ್ಟ್ ಹೊಲಿಯುವ ದಿನ ನೆರೆಹೊರೆಯ ಹೆಂಗಸರನ್ನೆಲ್ಲ ಕರೆಯುತ್ತಿದ್ದಳು. ಇದಕ್ಕೆ ‘ಕ್ವಿಲ್ಟಿಂಗ್ ಬೀ’ ಎಂದು ಹೆಸರು. ನಮ್ಮ ರೈತರ ಮುಯ್ಯಾಳಿನ ಪದ್ಧತಿ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ: ಇವತ್ತು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ಚೌಕಟ್ಟಿನ ನಾಲ್ಕೂ ಕಡೆ ಕುರ್ಚಿ ಹಾಕಿಕೊಂಡು ಕೂತರೆ ಪ್ರತಿಯೊಬ್ಬಳ ಕೈಗೂ ಮೊದಲು ಸಿಗುವುದು ಅಂಚು. ಹಾಗಾಗಿ ಹೊಲಿಗೆ ಅಂಚಿನಿಂದಲೇ ಆರಂಭ. ಕೈ ಎಟುಕುವಷ್ಟು ಮುಗಿದ ಮೇಲೆ ಹೊಲಿದ ಭಾಗವನ್ನು ಪಟ್ಟಿಗೆ ಸುತ್ತಿ, ಮುಂದಿನ ಭಾಗವನ್ನು ಎಳೆದುಕೊಳ್ಳುವುದು.

ಇಲ್ಲಿ ಸೂಕ್ಷ್ಮವೊಂದನ್ನು ಗಮನಿಸಬೇಕು. ಬಟ್ಟೆಯನ್ನು ಎಲ್ಲ ಕಡೆಯಿಂದ ಎಳೆದು ಹಿಡಿದಿರುವುದು ಚೌಕಟ್ಟು. ಪದರಗಳು ಜಾರುವ ಮಾತೇ ಇಲ್ಲ. ಆದ್ದರಿಂದ ಕಚ್ಚಾ ಹೊಲಿಗೆಯ ಅಗತ್ಯವೂ ಅಷ್ಟಾಗಿ ಇಲ್ಲ. ಎಲ್ಲಿಂದ ಹೊರಟರೂ ನಷ್ಟವಿಲ್ಲ ಎಂದಾಗ ಮನುಷ್ಯರು ಹತ್ತಿರವಿದ್ದ ಕಡೆಯಿಂದ ಹೊರಡುತ್ತಾರೆ.

ಹಂಟ್ ಮಹಾಶಯನ ಎರಡು ಕೊಡುಗೆ

ಈ ವ್ಯವಸ್ಥೆಯನ್ನು ಅಲುಗಾಡಿಸಿದ್ದು ಹೊಲಿಗೆ ಯಂತ್ರ. ಅದರ ಜನಕ ಯಾರು ಎಂಬ ಬಗ್ಗೆ ನ್ಯಾಯಾಲಯಗಳಲ್ಲಿ ದೊಡ್ಡ ರಾದ್ಧಾಂತವೇ ನಡೆದಿದೆ. ಫ್ರಾನ್ಸಿನ ದರ್ಜಿ ಬಾರ್ಥೆಲೆಮಿ ತಿಮೋನಿಯೆ 1830ರಲ್ಲಿ ಒಂದು ಯಂತ್ರಕ್ಕೆ ಹಕ್ಕುಪತ್ರ ಪಡೆದ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪಡೆದ. ನಟನಾಗಲು ಹೊರಟು ಹೆಸರು ಮಾಡಲಾಗದೆ ಯಂತ್ರಗಳ ಕಡೆ ತಿರುಗಿದ ಐಸಾಕ್ ಸಿಂಗರ್ 1851ರಲ್ಲಿ ಪಡೆದ. ಈ ಮೂವರ ಗಲಾಟೆಯಲ್ಲಿ ಜನ ಮರೆತುಬಿಟ್ಟ ನಾಲ್ಕನೆಯವನೊಬ್ಬ ನಮ್ಮ ಕಥೆಗೆ ಎಲ್ಲರಿಗಿಂತ ಮುಖ್ಯ. ಆತ ನ್ಯೂಯಾರ್ಕಿನ ವಾಲ್ಟರ್ ಹಂಟ್.

ಹಂಟ್ 1830ರ ದಶಕದ ಮೊದಲರ್ಧದಲ್ಲೇ, ತುದಿಯಲ್ಲಿ ಕಣ್ಣಿರುವ ಸೂಜಿ ಮತ್ತು ಲಾಳಿ ಬಳಸಿ ಎರಡು ದಾರಗಳನ್ನು ಒಂದಕ್ಕೊಂದು ಬಿಗಿಯುವ ಯಂತ್ರ ಮಾಡಿದ್ದ. ಇಂದಿಗೂ ಮನೆಯ ಯಂತ್ರಗಳು ಹೊಲಿಯುವ ತತ್ವ ಅದೇ. ಆದರೆ ಆತ ಹಕ್ಕುಪತ್ರಕ್ಕೆ ಅರ್ಜಿ ಹಾಕಲಿಲ್ಲ. ಈ ಯಂತ್ರದಿಂದ ಬಡ ಹೊಲಿಗೆ ಹೆಂಗಸರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ಮಗಳು ಹೇಳಿದ್ದಕ್ಕೆ ಸುಮ್ಮನಾದ ಎನ್ನುತ್ತಾರೆ. ವರ್ಷಗಳ ನಂತರ, ಉಳಿದವರು ಹಣ ಮಾಡಿಕೊಳ್ಳುವಾಗ ಆತ ಹಕ್ಕು ಕೇಳಿದ; ಹೊತ್ತು ಮೀರಿತ್ತು.

ಅದೇ ಹಂಟ್ 1849ರ ಏಪ್ರಿಲ್ 10ರಂದು ಬೇರೊಂದು ವಸ್ತುವಿಗೆ ಹಕ್ಕುಪತ್ರ ಪಡೆದ. ತಂತಿಯ ತುಂಡೊಂದನ್ನು ಬಗ್ಗಿಸಿ, ಒಂದು ತುದಿಯಲ್ಲಿ ಸುರುಳಿ, ಇನ್ನೊಂದು ತುದಿಯಲ್ಲಿ ಕೊಕ್ಕೆ. ಅದೇ ಸೇಫ್ಟಿ ಪಿನ್. ಹದಿನೈದು ಡಾಲರ್ ಸಾಲ ತೀರಿಸಲು ಯೋಚಿಸುತ್ತ ಕೂತಾಗ ಹೊಳೆದದ್ದು, ಅದರ ಹಕ್ಕನ್ನು ನಾನೂರು ಡಾಲರಿಗೆ ಮಾರಿಕೊಂಡ ಎಂಬ ಕಥೆ ಪ್ರಸಿದ್ಧ. ಹೀಗೆ ಒಬ್ಬನೇ ಮನುಷ್ಯನ ತಲೆಯಿಂದ ಬಂದ ಎರಡು ವಸ್ತುಗಳು, ಸುಮಾರು ನೂರೈವತ್ತು ವರ್ಷಗಳ ನಂತರ ಕ್ವಿಲ್ಟಿನ ಮೇಲೆ ಜೊತೆಯಾಗುತ್ತವೆ. ಆ ಮಾತಿಗೆ ಆಮೇಲೆ ಬರೋಣ.

ಯಂತ್ರ ಮನೆಯೊಳಕ್ಕೆ ಬಂದ ಬಗೆಯೂ ಸ್ವಾರಸ್ಯದ್ದೇ. 1850ರ ದಶಕದಲ್ಲಿ ಸಿಂಗರ್ ಯಂತ್ರದ ಬೆಲೆ ನೂರು ಡಾಲರಿಗೂ ಹೆಚ್ಚು. ಸಾಧಾರಣ ಕುಟುಂಬದ ವರ್ಷದ ಆದಾಯವೇ ಐನೂರು ಡಾಲರಿನ ಆಸುಪಾಸು. ಹೀಗಾಗಿ ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಕಂತಿನ ಮಾರಾಟ ಆರಂಭಿಸಿದ. ಇನ್ನೊಂದು ಕಂಪನಿ ವ್ಹೀಲರ್ ಅಂಡ್ ವಿಲ್ಸನ್ ಲೆಕ್ಕ ಹಾಕಿ ತೋರಿಸಿತು: ಗಂಡಸರ ಅಂಗಿಯೊಂದಕ್ಕೆ ಕೈಯಲ್ಲಾದರೆ ಹದಿನಾಲ್ಕು ಗಂಟೆಗೂ ಹೆಚ್ಚು, ಯಂತ್ರದಲ್ಲಾದರೆ ಒಂದೂಕಾಲು ಗಂಟೆ. ಮಾರುವವರ ಲೆಕ್ಕ, ನಿಜ. ಆದರೂ ಅಂತರ ದೊಡ್ಡದು.

ಈ ಸಿಂಗರನ ಬಗ್ಗೆ ಗಾಂಧೀಜಿಗೂ ಮೆಚ್ಚುಗೆ ಇತ್ತು. 1924ರಲ್ಲಿ, ನೀವು ಯಂತ್ರಗಳನ್ನೆಲ್ಲ ವಿರೋಧಿಸುತ್ತೀರಾ ಎಂಬ ಪ್ರಶ್ನೆ ಬಂದಾಗ ಅವರು ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ನೋಡಲಾರದೆ ಪ್ರೀತಿಯಿಂದ ಆತ ಅದನ್ನು ಮಾಡಿದ ಎಂಬುದು ಅವರು ಹೇಳಿದ ಕಾರಣ. ಸಿಂಗರನ ನಿಜ ಜೀವನ ಅಷ್ಟು ಮಧುರವಾಗಿರಲಿಲ್ಲ. ಹಲವು ಹೆಂಗಸರೊಡನೆ ಸಂಸಾರ ಹೂಡಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿಗೆ ತಂದೆಯಾದ ಆಸಾಮಿ ಆತ. ಯಾವ ಹೆಂಡತಿಯ ಬಳಲಿಕೆ ನೋಡಿ ಕರಗಿದನೋ!

ಯಂತ್ರ ಕೊಂಡ ಮೊದಲ ತಲೆಮಾರಿನ ಅಮೆರಿಕದ ಹೆಂಗಸರು ಅದನ್ನು ಕ್ವಿಲ್ಟಿನ ಮೇಲೂ ಓಡಿಸಿದರು, ಮುಚ್ಚಿಟ್ಟುಕೊಂಡಲ್ಲ, ಮೆರೆಸಿಕೊಂಡು. ಬಣ್ಣದ ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಯಂತ್ರದ ಹೊಲಿಗೆ ಹಾಕಿದ ಆ ಕಾಲದ ಕ್ವಿಲ್ಟುಗಳು ಉಳಿದಿವೆ. ಬಂದವರ ಕಣ್ಣಿಗೆ ಬೀಳಲಿ, ಈ ಮನೆಯಲ್ಲಿ ಯಂತ್ರವಿದೆ ಎಂದು ತಿಳಿಯಲಿ ಎಂಬುದೇ ಉದ್ದೇಶ. ಜಾರ್ಜಿಯಾದಲ್ಲಿ 1837ರಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಎಂಬಾಕೆ ಬೈಬಲ್ಲಿನ ಕಥೆಗಳನ್ನು ಬಟ್ಟೆಯ ಬೊಂಬೆಗಳಾಗಿ ಕತ್ತರಿಸಿ ಹೊಲಿದ ಕ್ವಿಲ್ಟು ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೂಲ್ಯ ವಸ್ತುಗಳಲ್ಲೊಂದು. ಅದರಲ್ಲಿ ಕೈಹೊಲಿಗೆಯೂ ಇದೆ, ಯಂತ್ರದ ಹೊಲಿಗೆಯೂ ಇದೆ. 1886ರ ಹತ್ತಿ ಮೇಳದಲ್ಲಿ ಅದನ್ನು ಕಂಡು ಕೇಳಿದವರಿಗೆ ಕೊಡಲೊಪ್ಪದ ಆಕೆ, ಕಷ್ಟ ಬಂದಾಗ ಕೆಲವು ವರ್ಷಗಳ ನಂತರ ಅದನ್ನು ಐದು ಡಾಲರಿಗೆ ಮಾರಬೇಕಾಯಿತು.

ಕೆಳಗೆ ಹಲ್ಲು, ಮೇಲೆ ಪಾದ

ಇನ್ನು ತೊಂದರೆಯ ಮಾತು. ಕೈಯಲ್ಲಿ ಹೊಲಿಯುವಾಗ ಸೂಜಿ ಬಟ್ಟೆಯ ಹತ್ತಿರ ಬರುತ್ತದೆ. ಯಂತ್ರದಲ್ಲಿ ಬಟ್ಟೆಯೇ ಸೂಜಿಯ ಹತ್ತಿರ ಹೋಗಬೇಕು. ಚೌಕಟ್ಟಿಗೆ ಬಿಗಿದ ಕ್ವಿಲ್ಟನ್ನು ಯಂತ್ರದೊಳಕ್ಕೆ ತೂರಿಸುವುದು ಸಾಧ್ಯವಿಲ್ಲ. ಮನೆಯ ಯಂತ್ರ ಎಂದಮೇಲೆ ಚೌಕಟ್ಟು ಬಿಡಲೇಬೇಕು.

ಚೌಕಟ್ಟು ಹೋದದ್ದಷ್ಟೇ ಅಲ್ಲ, ಹೊಸ ಶತ್ರುವೂ ಬಂತು. ನಿಮ್ಮ ಮನೆಯಲ್ಲಿ ಯಂತ್ರವಿದ್ದರೆ ಸೂಜಿಯ ಕೆಳಗೆ ನೋಡಿ. ಉಕ್ಕಿನ ಸಣ್ಣ ಹಲ್ಲುಗಳ ಸಾಲು ಕಾಣುತ್ತದೆ. ಸೂಜಿ ಮೇಲೆದ್ದಾಗ ಈ ಹಲ್ಲುಗಳು ಏಳುತ್ತವೆ, ಬಟ್ಟೆಯನ್ನು ಕಚ್ಚಿ ಹಿಂದಕ್ಕೆ ತಳ್ಳುತ್ತವೆ, ಇಳಿಯುತ್ತವೆ, ಮತ್ತೆ ಮೊದಲ ಜಾಗಕ್ಕೆ ಬರುತ್ತವೆ. ಆಲೆನ್ ವಿಲ್ಸನ್ 1854ರಲ್ಲಿ ಹಕ್ಕುಪತ್ರ ಪಡೆದ ಈ ನಾಲ್ಕು ಚಲನೆಯ ಏರ್ಪಾಟು ಇಂದಿನವರೆಗೂ ಬಂದಿದೆ. ಅಂಗಿ, ಲಂಗಕ್ಕೆಲ್ಲ ಅದ್ಭುತ. ಆದರೆ ಹಲ್ಲು ಕಚ್ಚುವುದು ಕೆಳಗಿನ ಬಟ್ಟೆಯನ್ನು ಮಾತ್ರ. ಮೇಲಿನ ಬಟ್ಟೆಯನ್ನು ಉಕ್ಕಿನ ಪಾದ ಸುಮ್ಮನೆ ಒತ್ತಿ ಹಿಡಿದಿರುತ್ತದೆ. ನಡುವೆ ದಪ್ಪ ಹತ್ತಿ ಬೇರೆ. ಅಡಿಬಟ್ಟೆ ಮುಂದಾಗುತ್ತದೆ, ಮೇಲ್ಪದರ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಒಂದು ಹೊಲಿಗೆಯಲ್ಲಿ ಅದು ಕಾಣುವುದಿಲ್ಲ. ಮೂರು ಅಡಿ ಹೊಲಿದ ಮೇಲೆ ಪಾದದ ಮುಂದೆ ಮೇಲ್ಪದರ ಅಲೆಯ ಹಾಗೆ ಉಬ್ಬಿ ನಿಂತಿರುತ್ತದೆ. ಅಡ್ಡ ಹೊಲಿಗೆ ಸಿಕ್ಕ ಕಡೆ ಆ ಅಲೆ ಮಡಿಚಿಕೊಂಡು ಶಾಶ್ವತವಾದ ನೆರಿಗೆಯಾಗುತ್ತದೆ. ಬಿಚ್ಚದೆ ಅದಕ್ಕೆ ಮದ್ದಿಲ್ಲ.

ನಡುವಿನಿಂದ ಆರಂಭಿಸಿ ಎಂಬ ನಿಯಮ ಹುಟ್ಟಿದ್ದು ಇದರಿಂದ. ಚಾಪೆಯ ಮೇಲೆ ಬೆಡ್‌ಶೀಟ್ ಹಾಸುವಾಗ ಸುಕ್ಕು ತೆಗೆಯಲು ನೀವು ಏನು ಮಾಡುತ್ತೀರಿ? ನಡುವೆ ಅಂಗೈ ಇಟ್ಟು ಅಂಚಿನ ಕಡೆ ಸವರುತ್ತೀರಿ. ಸುಕ್ಕು ಅಂಚಿನಿಂದ ಹೊರಗೆ ಹೋಗುತ್ತದೆ. ಅಂಚಿನಿಂದ ನಡುವಿಗೆ ಸವರಿದರೆ ಸುಕ್ಕೆಲ್ಲ ನಡುವೆ ಬಂದು ಕೂರುತ್ತದೆ. ಯಂತ್ರದ ಹೊಲಿಗೆಯೂ ಒಂದು ಬಗೆಯ ಸವರುವಿಕೆಯೇ. ನಡುವಿನಿಂದ ಹೊರಟರೆ ಹೆಚ್ಚಾದ ಬಟ್ಟೆಗೆ ಹೊರಗೆ ಹೋಗುವ ದಾರಿ ಇರುತ್ತದೆ. ಸುತ್ತ ಅಂಚನ್ನು ಮೊದಲೇ ಹೊಲಿದು ಮುಚ್ಚಿದರೆ ಬಾಗಿಲು ಹಾಕಿದಂತೆ. ಒಳಗೆ ಸಿಕ್ಕಿಕೊಂಡ ಬಟ್ಟೆ ಗುಳ್ಳೆಯಾಗಿ ಎದ್ದು ನಿಲ್ಲುತ್ತದೆ.

ಎರಡನೆಯ ಕಾರಣ ಹೆಚ್ಚು ದೈಹಿಕವಾದದ್ದು. ಮನೆಯ ಯಂತ್ರದಲ್ಲಿ ಸೂಜಿಗೂ ಬಲಗಡೆಯ ಕಂಬಕ್ಕೂ ನಡುವಿನ ಜಾಗ ಸಾಮಾನ್ಯವಾಗಿ ಒಂದು ಗೇಣಿಗಿಂತ ಹೆಚ್ಚಿಲ್ಲ. ಇಬ್ಬರು ಮಲಗುವ ಹಾಸಿಗೆಯ ಕ್ವಿಲ್ಟು 90 ಅಂಗುಲ ಅಗಲ. ನಡುವಿನ ಸಾಲು ಹೊಲಿಯುವಾಗ ಅದರ ಅರ್ಧ, ಅಂದರೆ 45 ಅಂಗುಲ ಬಟ್ಟೆ ಆ ಗೇಣಗಲದ ಸಂದಿಯಲ್ಲಿ ಸುರುಳಿಯಾಗಿ ತೂರಬೇಕು. ಇದೇ ಅತಿ ಕಷ್ಟದ ಕೆಲಸ. ಪಿನ್ನುಗಳೆಲ್ಲ ಇನ್ನೂ ಗಟ್ಟಿಯಾಗಿ ಹಿಡಿದಿರುವಾಗ, ತೋಳಿನಲ್ಲಿ ಶಕ್ತಿ ಇರುವಾಗ ಅದನ್ನು ಮುಗಿಸಿಬಿಡುವುದು ಜಾಣತನ. ಅಲ್ಲಿಂದಾಚೆಗೆ ಪ್ರತಿ ಸಾಲಿಗೂ ಸುರುಳಿ ಸಣ್ಣದಾಗುತ್ತ ಹೋಗುತ್ತದೆ.

ಪದರ ಹಿಡಿಸುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಯಂತ್ರವಿದ್ದು ರಜಾಯಿಯೋ ಕೌದಿಯೋ ಹೊಲಿಯುವ ಆಸೆ ಇದ್ದವರಿಗೆ ಅನುಕೂಲವಾದೀತು. ಅಡಿಬಟ್ಟೆಯನ್ನು ಸುತ್ತಲೂ ಮೂರು ನಾಲ್ಕು ಅಂಗುಲ ಹೆಚ್ಚಿಗೆ ಇರುವಂತೆ ಕತ್ತರಿಸಿ, ಒಳಮೈ ಮೇಲೆ ಬರುವಂತೆ ನೆಲದ ಮೇಲೆ ಹಾಸಿ, ಅಂಚುಗಳನ್ನು ಅಂಟುಪಟ್ಟಿಯಿಂದ ನೆಲಕ್ಕೆ ಅಂಟಿಸಬೇಕು. ಬಿಗಿಯಾಗಿರಬೇಕು, ಎಳೆದಿರಬಾರದು. ಎಳೆದು ಅಂಟಿಸಿದರೆ ಕೊನೆಗೆ ಬಿಟ್ಟಾಗ ಅದು ಮುದುಡಿಕೊಂಡು ಮೇಲಿನದನ್ನೂ ಮುದುಡಿಸುತ್ತದೆ. ಅದರ ಮೇಲೆ ಹತ್ತಿಯ ಹಾಸು, ಅದರ ಮೇಲೆ ಮೇಲ್ಪದರ. ಎಲ್ಲವನ್ನೂ ನಡುವಿನಿಂದ ಹೊರಕ್ಕೆ ಸವರುತ್ತ ಬರಬೇಕು. ಹಿಂದೆಲ್ಲ ಇದಾದ ಮೇಲೆ ನಡುವಿನಿಂದ ಸೂರ್ಯಕಿರಣದ ಹಾಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕುತ್ತಿದ್ದರು. ಕೈಹೊಲಿಗೆಗೆ ಅದು ಸರಿ. ಯಂತ್ರಕ್ಕೆ ಬಂದಾಗ ಅದೇ ದಾರ ಪಾದದ ತುದಿಗೆ ಸಿಕ್ಕಿಕೊಳ್ಳುತ್ತದೆ. ಯಂತ್ರದ ಹೊಲಿಗೆಯ ಅಡಿಗೆ ಹೋದ ಕಚ್ಚಾ ದಾರವನ್ನು ಕೀಳುವುದಂತೂ ತಾಳ್ಮೆಯ ಪರೀಕ್ಷೆ.

ಇಲ್ಲಿ ಹಂಟ್ ಮಹಾಶಯ ಮತ್ತೆ ಪ್ರವೇಶಿಸುತ್ತಾನೆ. 1980ರ ದಶಕದಲ್ಲಿ ಹ್ಯಾರಿಯೆಟ್ ಹಾರ್‌ಗ್ರೇವ್ ಅವರಂಥ ಅಮೆರಿಕದ ಶಿಕ್ಷಕಿಯರು ತರಗತಿಗಳಲ್ಲಿ, ಪುಸ್ತಕಗಳಲ್ಲಿ ಯಂತ್ರದ ಕ್ವಿಲ್ಟಿಂಗನ್ನು ಶಿಸ್ತಾಗಿ ಕಲಿಸತೊಡಗಿದಾಗ ದಾರದ ಬದಲು ಸೇಫ್ಟಿ ಪಿನ್ ಬಳಕೆಗೆ ಬಂತು. ಅಂಗೈ ಊರಿದರೆ ಒಂದಾದರೂ ಪಿನ್ನು ತಾಗಬೇಕು ಎಂಬುದು ಅಳತೆ. ನಾಲ್ಕು ಅಂಗುಲಕ್ಕೊಂದರಂತೆ ಲೆಕ್ಕ ಹಾಕಿದರೆ 90 ಅಂಗುಲದ ಚೌಕಕ್ಕೆ ಐನೂರು ಪಿನ್ನು ಬೇಕು. ಹೊಲಿಗೆ ಓಡುವ ಗೆರೆಯ ಮೇಲೆ ಪಿನ್ನು ಹಾಕಬಾರದು. ಹೊಲಿಯುತ್ತ ಹತ್ತಿರ ಬಂದಂತೆ ತೆಗೆಯುತ್ತ ಹೋಗಬೇಕು. ಪಿನ್ನಿನ ಮೇಲೆ ಯಂತ್ರ ಓಡಿಸಿದರೆ ಸೂಜಿ ಮುರಿದು ಕಣ್ಣಿಗೆ ಹಾರಬಹುದು. ಈಗ ಪಿನ್ನಿನ ಬದಲು ಅಂಟು ಸಿಂಪಡಿಸುವವರೂ ಇದ್ದಾರೆ. ಮೇಲಿನ ಬಟ್ಟೆಯನ್ನೂ ಹಲ್ಲಿನಿಂದ ಕಚ್ಚಿ ನಡೆಸುವ ‘ವಾಕಿಂಗ್ ಫುಟ್’ ಎಂಬ ಪಾದವೂ ಸಿಗುತ್ತದೆ.

ಹೊಲಿಯುವಾಗಲೂ ಸಿಕ್ಕ ಕಡೆ ನುಗ್ಗಬಾರದು. ಮೊದಲು ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಒಂದು ನೇರ ಸಾಲು. ಆಮೇಲೆ ಅಡ್ಡಕ್ಕೆ ಒಂದು. ಕ್ವಿಲ್ಟು ನಾಲ್ಕು ಭಾಗವಾಯಿತು. ಈ ಎರಡು ಸಾಲು ಕೂತರೆ ಉಳಿದದ್ದು ಅಲುಗುವುದಿಲ್ಲ. ಅನಂತರ ಒಂದೊಂದೇ ಕಾಲುಭಾಗವನ್ನು ನಡುವಿನ ಕಡೆಯಿಂದ ಹೊರಕ್ಕೆ. ಹೂಬಳ್ಳಿ, ಸುತ್ತುಬಳಸಿನ ಚಿತ್ತಾರವೆಲ್ಲ ಕೊನೆಗೆ.

ಸಿದ್ದಿಯರ ಲೆಕ್ಕ

ಇಷ್ಟೆಲ್ಲ ಕೇಳಿದ ಮೇಲೆ ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಯಲ್ಲಿ ಗುಳ್ಳೆ ಏಳಲೇಬೇಕಲ್ಲವೇ? ಅಂಚನ್ನೇ ಅವರು ಮೊದಲು ಹೊಲಿಯುವುದು. ಆದರೆ ಏಳುವುದಿಲ್ಲ.

ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದ ಆಫ್ರಿಕದ ಜನರ ಪೀಳಿಗೆ ಈ ಸಿದ್ದಿಯರಲ್ಲಿ ಬಹುಪಾಲು. ಅವರು ಕೌದಿಯನ್ನು ಕವಂದಿ ಎಂದೂ ಕರೆಯುತ್ತಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಈ ಕೌದಿಗಳ ಅಧ್ಯಯನ ನಡೆಸಿದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಅವುಗಳ ಪ್ರದರ್ಶನವೂ ನಡೆಯಿತು. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಸವೆದ ಬಟ್ಟೆಯ ಚೂರುಗಳನ್ನು ಒಂದೊಂದಾಗಿ ಇಟ್ಟು, ತುದಿ ಒಳಕ್ಕೆ ಮಡಿಚಿ, ಅಲ್ಲೇ ಆಗಲೇ ಸಾದಾ ಹೊಲಿಗೆಯಿಂದ ಅಡಿಬಟ್ಟೆಗೆ ಸೇರಿಸುವುದು ಅವರ ಕ್ರಮ. ಒಂದು ಚೂರು ಕೂತ ಮೇಲೆ ಇನ್ನೊಂದು. ನಾಲ್ಕು ಮೂಲೆಗೂ ‘ಫೂಲ’, ಅಂದರೆ ಹೂವು ಎಂದು ಕರೆಯುವ, ಬಟ್ಟೆ ಮಡಿಚಿ ಮಾಡಿದ ಮುಕ್ಕೋನೆ ಇರಲೇಬೇಕು. ನಡುವಿಗೆ ಬಂದು ಮುಗಿಸುವಾಗ ಕೊನೆಯ ಚೂರಿನ ಅಡಿಗೆ ನಾಲ್ಕು ಅಕ್ಕಿಕಾಳು ಇಡುವವರೂ ಇದ್ದಾರೆ. ಕೌದಿಗೂ ಹೊಟ್ಟೆ ತುಂಬಿರಲಿ ಎಂದು.

ಗುಟ್ಟು ಇಲ್ಲಿದೆ. ಸಿದ್ದಿಯರ ಕೌದಿಯಲ್ಲಿ ಮೊದಲೇ ಜೋಡಿಸಿಟ್ಟ ಮೇಲ್ಪದರ ಎಂಬುದೇ ಇಲ್ಲ. ಜೋಡಿಸುವ ಹೊಲಿಗೆಯೂ ಪದರ ಹಿಡಿಸುವ ಹೊಲಿಗೆಯೂ ಒಂದೇ. ಹೆಚ್ಚಾದ ಬಟ್ಟೆ ಓಡಾಡಲು ಜಾಗವಿಲ್ಲ. ಚೂರು ದೊಡ್ಡದಾದರೆ ಇಡುವಾಗಲೇ ಇನ್ನಷ್ಟು ಒಳಕ್ಕೆ ಮಡಿಚಿಬಿಡುತ್ತಾರೆ. ಹೀಗಾಗಿ ಕಚ್ಚಾ ಹೊಲಿಗೆ ಬೇಡ, ಪಿನ್ನು ಬೇಡ, ಚೌಕಟ್ಟೂ ಬೇಡ. ಅಮೆರಿಕದ ಗೃಹಿಣಿ ಐನೂರು ಪಿನ್ನು ಚುಚ್ಚುವುದು ಕ್ವಿಲ್ಟಿಗಾಗಿ ಎನ್ನುವುದಕ್ಕಿಂತ, ಮೇಲ್ಪದರವನ್ನು ಬೇರೆಯಾಗಿ ಜೋಡಿಸಿಕೊಂಡು ಬಂದದ್ದಕ್ಕಾಗಿ. ತಿಂಗಳುಗಟ್ಟಲೆ ಲೆಕ್ಕ ಹಾಕಿ ನಕ್ಷತ್ರ, ಚೌಕಗಳನ್ನು ಅಳೆದು ಕೂಡಿಸುವ ಅವರ ಚಿತ್ತಾರಕ್ಕೆ ಆ ದಾರಿಯೇ ಸರಿ. ಕೈಗೆ ಸಿಕ್ಕ ಚೂರನ್ನು ನೋಡಿ ಮುಂದಿನದನ್ನು ನಿರ್ಧರಿಸುವ ಸಿದ್ದಿಯರ ಚಿತ್ತಾರಕ್ಕೆ ಈ ದಾರಿ. ಯಂತ್ರದಲ್ಲಿ ಕೌದಿ ಹೊಲಿಯಲು ಹೊರಟ ನಮ್ಮ ಹೆಣ್ಣುಮಕ್ಕಳು ಹಳೆಯ ರೂಢಿಯಂತೆ ಅಂಚಿನಿಂದ ಹೊರಟು ನೆರಿಗೆಯಲ್ಲಿ ಸಿಕ್ಕಿಕೊಂಡರೆ ಅದು ಅವರ ಕೈಯ ದೋಷವಲ್ಲ. ಕೈಯ ನಿಯಮ ಯಂತ್ರದ ಹಲ್ಲಿಗೆ ಗೊತ್ತಿಲ್ಲ, ಅಷ್ಟೆ.

ಕೆಂಟಕಿಯ ಎರಡು ಬಹುಮಾನ

ಇಷ್ಟು ಶ್ರಮಪಟ್ಟು ಯಂತ್ರದಲ್ಲಿ ಹೊಲಿದರೂ ಅದಕ್ಕೆ ಮರ್ಯಾದೆ ಸಿಕ್ಕಿತೇ? 19ನೆಯ ಶತಮಾನದಲ್ಲಿ ಮೆರೆದ ಯಂತ್ರದ ಹೊಲಿಗೆ 20ನೆಯ ಶತಮಾನದಲ್ಲಿ ಕೀಳಾಯಿತು. ಮನೆಮನೆಗೂ ಯಂತ್ರ ಬಂದ ಮೇಲೆ ಅದರಲ್ಲಿ ಹೆಚ್ಚುಗಾರಿಕೆ ಏನುಳಿಯಿತು? ಕೈಯಲ್ಲಿ ಹೊಲಿದ ಅಜ್ಜಿಯ ಕಾಲದ ಕ್ವಿಲ್ಟೇ ನಿಜವಾದದ್ದು ಎಂಬ ಭಾವನೆ ಬೆಳೆಯಿತು.

ಆ ಭಾವನೆಗೆ ಕನ್ನಡಿ ಹಿಡಿದ ಘಟನೆ 1933ರದು. ಷಿಕಾಗೊ ವಿಶ್ವ ಮೇಳದ ಸಂದರ್ಭದಲ್ಲಿ ಸಿಯರ್ಸ್ ಕಂಪನಿ ಕ್ವಿಲ್ಟ್ ಸ್ಪರ್ಧೆ ಏರ್ಪಡಿಸಿತು. ಮಹಾ ಆರ್ಥಿಕ ಕುಸಿತದ ಕಾಲ. ಮೊದಲ ಬಹುಮಾನ ಸಾವಿರ ಡಾಲರ್. ಸುಮಾರು 25 ಸಾವಿರ ಕ್ವಿಲ್ಟುಗಳು ಬಂದವು. ಗೆದ್ದದ್ದು ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ನಿನ ಮಹಿಳೆಯೊಬ್ಬಳ ಹೆಸರಿನಲ್ಲಿ ಬಂದ, ಅತಿ ಸೂಕ್ಷ್ಮವಾದ ಕೈಹೊಲಿಗೆಯ ಕ್ವಿಲ್ಟು. ಅದನ್ನು ಅಧ್ಯಕ್ಷರ ಪತ್ನಿ ಎಲಿನೋರ್ ರೂಸ್‌ವೆಲ್ಟ್ ಅವರಿಗೆ ಅರ್ಪಿಸಲಾಯಿತು. ಬಹಳ ವರ್ಷಗಳ ನಂತರ ಸಂಶೋಧಕಿಯರು ಕೆದಕಿದಾಗ ತಿಳಿದದ್ದೇನು? ಬಹುಮಾನ ಪಡೆದಾಕೆ ಅದರಲ್ಲಿ ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ. ಕೂಲಿ ಕೊಟ್ಟು ಬೇರೆ ಹೆಂಗಸರಿಂದ ಹೊಲಿಸಿದ್ದಳು. ಬಹುಮಾನದಲ್ಲಿ ಅವರಿಗೆ ಪಾಲು ಸಿಗಲಿಲ್ಲ. ಕೆಲಸ ಹೋದೀತೆಂಬ ಭಯಕ್ಕೆ ಅವರು ಬಾಯಿಬಿಡಲೂ ಇಲ್ಲ. ಯಂತ್ರ ಮುಟ್ಟಿದರೆ ಮೈಲಿಗೆ, ಕೂಲಿಯ ಕೈ ಮುಟ್ಟಿದರೆ ಮಡಿ!

ಆಮೇಲೆ ಕ್ವಿಲ್ಟಿನ ಹುಚ್ಚು ಇಳಿಯಿತು, ಮತ್ತೆ ಏರಿತು. 1971ರಲ್ಲಿ ನ್ಯೂಯಾರ್ಕಿನ ವ್ಹಿಟ್ನಿ ಕಲಾ ಸಂಗ್ರಹಾಲಯ ಹಳೆಯ ಕ್ವಿಲ್ಟುಗಳನ್ನು ಚಿತ್ರಗಳಂತೆ ಗೋಡೆಗೆ ತೂಗುಹಾಕಿತು. 1976ರಲ್ಲಿ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ಸಂಭ್ರಮ ಬಂತು. ಅಷ್ಟರಲ್ಲಿ ಅಮೆರಿಕದ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಹೊರಗೆ ದುಡಿಯತೊಡಗಿದ್ದರು. ಒಂದು ಕ್ವಿಲ್ಟಿಗೆ ವರ್ಷಗಟ್ಟಲೆ ಕೈಹೊಲಿಗೆ ಹಾಕಲು ಪುರುಸೊತ್ತು ಯಾರಿಗಿತ್ತು? ಪಿನ್ನು, ವಾಕಿಂಗ್ ಫುಟ್, ನಡುವಿನಿಂದ ಹೊರಕ್ಕೆ ಎಂಬ ಶಿಸ್ತು, ಇವೆಲ್ಲ ಆ ಕಾಲದ ಅಗತ್ಯಕ್ಕೆ ಒದಗಿದವು. ಆದರೂ ಸ್ಪರ್ಧೆಗಳ ದೊಡ್ಡ ಬಹುಮಾನ ಕೈಹೊಲಿಗೆಗೇ ಮೀಸಲು ಎಂಬಂತಿತ್ತು.

1989ರಲ್ಲಿ ಅದೇ ಕೆಂಟಕಿಯ ಪಡೂಕಾ ಎಂಬ ಊರಿನಲ್ಲಿ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿಯ ಪ್ರದರ್ಶನದಲ್ಲಿ ಅತ್ಯುತ್ತಮ ಕ್ವಿಲ್ಟಿನ ಬಹುಮಾನ ‘ಕರೋನಾ 2: ಸೂರ್ಯಗ್ರಹಣ’ ಎಂಬುದಕ್ಕೆ ಬಂತು. ಕಪ್ಪು ಸೂರ್ಯನ ಸುತ್ತ ಉರಿಯುವ ಬಣ್ಣಗಳು. ಹೊಲಿದವರು ಕ್ಯಾರಿಲ್ ಬ್ರೈಯರ್ ಫಾಲರ್ಟ್, ವೃತ್ತಿಯಲ್ಲಿ ವಿಮಾನದ ಗಗನಸಖಿ. ಕ್ವಿಲ್ಟಿಂಗ್ ಪೂರ್ತಿ ಯಂತ್ರದ್ದು. ಅಲ್ಲಿ ಈ ಬಹುಮಾನ ಪಡೆದ ಮೊದಲ ಯಂತ್ರದ ಕ್ವಿಲ್ಟು ಅದು. ಗದ್ದಲವೆದ್ದಿತು. ಕೈಹೊಲಿಗೆಯವರು ಇದು ಮೋಸವೆಂಬಂತೆ ನೊಂದುಕೊಂಡರು. ಅವರ ನೋವನ್ನು ತಳ್ಳಿಹಾಕುವಂತಿಲ್ಲ. ಬೆರಳ ತುದಿ ಗಡುಸಾಗುವಷ್ಟು ಕಾಲ ಹೊಲಿದವರು ಅವರು. ಆದರೆ ಗಾಳಿಯಲ್ಲಿ ಅರ್ಧ ಆಯುಷ್ಯ ಕಳೆಯುವ ಉದ್ಯೋಗಸ್ಥೆ ತನ್ನ ಬಿಡುವಿನಲ್ಲಿ, ತನ್ನದೇ ಕೈಯಿಂದ ಯಂತ್ರ ನಡೆಸಿ ಹೊಲಿದದ್ದು 1933ರ ಕೂಲಿಯ ಕೈಹೊಲಿಗೆಗಿಂತ ಯಾವ ರೀತಿಯಲ್ಲಿ ಕಡಿಮೆ ಎಂದು ಕೇಳಬೇಕಾಗುತ್ತದೆ. ಈಗ ಅಲ್ಲಿ ಕೈಕೆಲಸಕ್ಕೊಂದು, ಯಂತ್ರದ ಕೆಲಸಕ್ಕೊಂದು ಬೇರೆಬೇರೆ ಬಹುಮಾನಗಳಿವೆ. ಪಡೂಕಾದಲ್ಲಿ 1991ರಲ್ಲಿ ತೆರೆದ ಕ್ವಿಲ್ಟ್ ಸಂಗ್ರಹಾಲಯದಲ್ಲಿ ಆ ಸೂರ್ಯಗ್ರಹಣವೂ ಇದೆ.

ಇತ್ತ ಚೌಕಟ್ಟು ಕೂಡ ಮರಳಿ ಬಂದಿದೆ. 1980ರ ದಶಕದಿಂದೀಚೆಗೆ ‘ಲಾಂಗ್ ಆರ್ಮ್’ ಎಂಬ ದೊಡ್ಡ ಯಂತ್ರಗಳು ಬಳಕೆಗೆ ಬಂದವು. ಇದರಲ್ಲಿ ಬಟ್ಟೆ ಉರುಳೆಗಳ ನಡುವೆ ಬಿಗಿದು ನಿಂತಿರುತ್ತದೆ, ಯಂತ್ರದ ತಲೆಯೇ ಹಳಿಯ ಮೇಲೆ ಓಡಾಡುತ್ತದೆ. ಪಿನ್ನಿನ ಹಂಗಿಲ್ಲ. ನಡುವಿನಿಂದ ಎಂಬ ನಿಯಮವೂ ಇಲ್ಲ. ಮೇಲಿನ ಅಂಚಿನಿಂದ ಆರಂಭ, ಮುಗಿದಷ್ಟನ್ನು ಸುತ್ತುತ್ತ ಕೆಳಕ್ಕೆ, ಥೇಟ್ ಹಳೆಯ ಮರದ ಚೌಕಟ್ಟಿನಂತೆ. ಇಷ್ಟು ದುಬಾರಿ ಯಂತ್ರವನ್ನು ಎಲ್ಲರೂ ಕೊಳ್ಳಲಾರರು. ಬಹಳ ಮಂದಿ ಮೇಲ್ಪದರವನ್ನು ಮನೆಯಲ್ಲಿ ಜೋಡಿಸಿ, ಲಾಂಗ್ ಆರ್ಮ್ ಇಟ್ಟುಕೊಂಡವರಿಗೆ ಹಣ ಕೊಟ್ಟು ಕ್ವಿಲ್ಟ್ ಮಾಡಿಸಿಕೊಳ್ಳುತ್ತಾರೆ. ಅಂಥ ಕ್ವಿಲ್ಟನ್ನು ಪ್ರದರ್ಶನಕ್ಕೆ ಕಳಿಸುವಾಗ ಹಲವು ಕಡೆ ಅರ್ಜಿಯಲ್ಲಿ ಈಗ ಎರಡು ಹೆಸರು ತುಂಬಬೇಕು: ಮೇಲ್ಪದರ ಜೋಡಿಸಿದವರದು ಒಂದು, ಕ್ವಿಲ್ಟ್ ಹೊಲಿದವರದು ಇನ್ನೊಂದು.